ಓಪಿಯಾಯ್ಡ್ ಚಿಕಿತ್ಸೆಯಲ್ಲಿರುವವರು ತಮ್ಮ ಚೇತರಿಕೆಯ ಕಥೆ ಹೇಳುವಾಗ: ಜೊತೆಗಿರುವವರಿಗೊಂದು ಕೈಪಿಡಿ

ಜೂನ್ 26 ಹತ್ತಿರವಾಗುತ್ತಿದ್ದಂತೆ ಮಂಗಳೂರು, ದೇರಳಕಟ್ಟೆ, ಸುರತ್ಕಲ್, ಮಣಿಪಾಲದ ಕಾಲೇಜುಗಳಲ್ಲಿ ಮಾದಕ ವಸ್ತು ವಿರೋಧಿ ದಿನದ ಸಿದ್ಧತೆ ಶುರುವಾಗುತ್ತದೆ. ಪೊಲೀಸ್ ಅಧಿಕಾರಿಯೊಬ್ಬರು, ಮನೋವೈದ್ಯರೊಬ್ಬರು ಬರಲು ಒಪ್ಪಿದ ಮೇಲೆ ಸಂಘಟಕರಿಗೆ ಹೊಳೆಯುವ ಮುಂದಿನ ವಿಚಾರವೆಂದರೆ, ಚಟದಿಂದ ಹೊರಬಂದ ಒಬ್ಬರು ಬಂದು ತಮ್ಮ ಅನುಭವ ಹೇಳಿದರೆ ಮಕ್ಕಳ ಮನಸ್ಸಿಗೆ ನಾಟುತ್ತದೆ ಎಂಬುದು. ಹಾಗೆ ಚಿಕಿತ್ಸಾ ಕೇಂದ್ರಕ್ಕೆ ಒಂದು ಕರೆ ಬರುತ್ತದೆ: "ನಿಮ್ಮಲ್ಲಿ ಗುಣವಾದವರು ಯಾರಾದರೂ ಇದ್ದರೆ ಕಳುಹಿಸಿಕೊಡಿ." ಕೇಳುವವರ ಉದ್ದೇಶ ಒಳ್ಳೆಯದೇ. ಆದರೆ ಆ ಮಾತಿನಲ್ಲಿ ಮಕ್ಕಳ ಹಿತದ ಯೋಚನೆಯಿದೆ, ಕಾರ್ಯಕ್ರಮ ಚೆನ್ನಾಗಿ ನಡೆಯಬೇಕೆಂಬ ಕಾಳಜಿಯಿದೆ, ಮಾತನಾಡಬೇಕಾದ ವ್ಯಕ್ತಿಗೆ ಅದರಿಂದ ಏನಾಗುತ್ತದೆ ಎಂಬ ಯೋಚನೆ ಮಾತ್ರ ಇರುವುದಿಲ್ಲ.

ಆ ಕರೆಗೂ ಆ ವ್ಯಕ್ತಿಗೂ ನಡುವೆ ನಿಂತಿರುವ ಸಮಾಲೋಚಕರು, ದಾದಿಯರು, ಸ್ವಯಂಸೇವಕರು ಮತ್ತು ಮನೆಯವರಿಗಾಗಿ ಈ ಬರಹ. ಹೆರಾಯಿನ್, ಬ್ರೌನ್ ಶುಗರ್ ಎಂದು ಬೀದಿಯಲ್ಲಿ ಕರೆಯುವ ಅದರ ಕಳಪೆ ರೂಪ, ಟ್ರಮಡಾಲ್ ಮತ್ತು ಟಪೆಂಟಡಾಲ್‌ನಂಥ ನೋವಿನ ಮಾತ್ರೆಗಳು, ಪೆಂಟಜೋಸಿನ್ ಚುಚ್ಚುಮದ್ದು ಇವೆಲ್ಲ ಓಪಿಯಾಯ್ಡ್, ಅಂದರೆ ಅಫೀಮಿನಂತೆ ಕೆಲಸ ಮಾಡುವ ವಸ್ತುಗಳ ಗುಂಪಿಗೆ ಸೇರಿದವು. 2019ರಲ್ಲಿ ಪ್ರಕಟವಾದ, ದೆಹಲಿಯ ಏಮ್ಸ್ ಕೇಂದ್ರ ಸರ್ಕಾರಕ್ಕಾಗಿ ನಡೆಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 2.26 ಕೋಟಿ ಜನ ಓಪಿಯಾಯ್ಡ್ ಬಳಸುತ್ತಿದ್ದರು, ಅವರಲ್ಲಿ ಸುಮಾರು 77 ಲಕ್ಷ ಮಂದಿಯ ಬಳಕೆ ಹಾನಿಯ ಅಥವಾ ಅವಲಂಬನೆಯ ಮಟ್ಟ ತಲುಪಿತ್ತು. ಹೀಗಿದ್ದರೂ ಮೊದಲ ಬಾರಿಗೆ ಹೊರರೋಗಿ ವಿಭಾಗದ ಬೆಂಚಿನ ಮೇಲೆ ಬಂದು ಕೂರುವ ಹುಡುಗನಿಗೆ ಊರಿನಲ್ಲಿ ಈ ಪಾಡು ತನಗೊಬ್ಬನಿಗೇ ಎಂದು ಅನಿಸುತ್ತದೆ. ಅದೇ ದಾರಿಯಲ್ಲಿ ನಡೆದು ಬಂದ ಇನ್ನೊಬ್ಬರ ಮಾತು ಅವನಿಗೆ ಎಷ್ಟು ಧೈರ್ಯ ಕೊಡುತ್ತದೆ ಎಂಬುದನ್ನು ಬಲ್ಲವರೇ ಬಲ್ಲರು. ಆದ್ದರಿಂದ ಚೇತರಿಕೆಯ ಕಥೆ ಹೊರಗೆ ಬರಬೇಕು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಅದು ಮೊದಲು ಹೇಳುವವರಿಗೆ ಒಳ್ಳೆಯದು ಮಾಡಬೇಕು, ಕೇಳುವವರ ಲಾಭ ಆಮೇಲಿನದು ಎಂಬುದಷ್ಟೇ ನನ್ನ ನಿಲುವು, ಮತ್ತು ಮುಂದೆ ಹೇಳುವ ಪ್ರತಿಯೊಂದು ಸಲಹೆಯೂ ಈ ನಿಲುವಿನಿಂದಲೇ ಹುಟ್ಟಿದ್ದು.

ನಮ್ಮ ಜಿಲ್ಲೆಗಳಲ್ಲಿ ಇಂಥ ಮಾತು ಹೊಸದೇನಲ್ಲ. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳಲ್ಲಿ ಕುಡಿತ ಬಿಟ್ಟವರು ಹೆಂಡತಿ ಮಕ್ಕಳ ಎದುರು, ಊರಿನವರ ಎದುರು ನಿಂತು ಮಾತನಾಡುವುದನ್ನು ನಾವು ಕೇಳಿದ್ದೇವೆ. ಶಿಬಿರ ಮುಗಿಸಿದವರು ನವಜೀವನ ಸಮಿತಿಗಳಲ್ಲಿ ಸೇರಿ ಒಬ್ಬರಿಗೊಬ್ಬರು ಆಸರೆಯಾಗುವುದನ್ನೂ ನೋಡಿದ್ದೇವೆ. ಸೋತವನ ಮಾತನ್ನು ಗೌರವದಿಂದ ಕೇಳುವ ಅಭ್ಯಾಸವನ್ನು ಈ ಸಂಪ್ರದಾಯ ಕರಾವಳಿಗೆ ಕೊಟ್ಟಿದೆ, ಅದು ಸಣ್ಣ ಕೊಡುಗೆಯಲ್ಲ. ಆದರೂ ಓಪಿಯಾಯ್ಡ್ ಚಿಕಿತ್ಸೆಯಲ್ಲಿರುವವರನ್ನು ಅದೇ ಅಚ್ಚಿನಲ್ಲಿ ಕೂರಿಸಿ ವೇದಿಕೆ ಹತ್ತಿಸುವುದು ಸರಿಯಲ್ಲ. ಮದ್ಯ ಅಂಗಡಿಯಲ್ಲಿ ಸಿಗುವ ವಸ್ತು, ಬ್ರೌನ್ ಶುಗರ್ ಇಟ್ಟುಕೊಳ್ಳುವುದೇ ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಅಪರಾಧ. ಕುಡಿತದ ಕಥೆ "ಬಿಟ್ಟೆ" ಎಂಬಲ್ಲಿಗೆ ಬಂದು ನಿಲ್ಲುತ್ತದೆ, ಓಪಿಯಾಯ್ಡ್ ಚಿಕಿತ್ಸೆಯಲ್ಲಿ ಅನೇಕರು ತಿಂಗಳುಗಟ್ಟಲೆ, ವರ್ಷಗಟ್ಟಲೆ ಔಷಧಿಯ ಮೇಲಿರುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಕೆಲಕಾಲ ಬಿಟ್ಟಿದ್ದವರು ಹಳೆಯ ಪ್ರಮಾಣಕ್ಕೆ ಮರಳಿದರೆ ದೇಹಕ್ಕೆ ಮೊದಲಿದ್ದ ತಾಳಿಕೆ ಇರುವುದಿಲ್ಲ, ಉಸಿರಾಟ ನಿಂತು ಸಾವು ಸಂಭವಿಸಬಹುದು. ಮಾತನಾಡಿದ ಆ ಸಂಜೆಯ ಕಳವಳ ಒಬ್ಬರನ್ನು ಹಳೆಯ ದಾರಿಗೆ ತಳ್ಳಿದರೆ ತೆರಬೇಕಾದ ಬೆಲೆ ಅಷ್ಟು ದೊಡ್ಡದು.

ಮಾತ್ರೆಯನ್ನು ಮುಚ್ಚಿಡದೆ ಹೇಳುವುದು

ಕಥೆ ಹೇಳಲು ಹೊರಟವರು ಮೊದಲು ಎಡವುವುದು ಇಲ್ಲಿಯೇ. "ಎಲ್ಲ ಬಿಟ್ಟಿದ್ದೇನೆ" ಎಂದು ಹೇಳಿದರೆ ದಿನವೂ ತೆಗೆದುಕೊಳ್ಳುವ ಬುಪ್ರೆನಾರ್ಫಿನ್ ಮಾತ್ರೆಯನ್ನು ಬಚ್ಚಿಟ್ಟಂತಾಗುತ್ತದೆ. ಮಾತ್ರೆಯ ವಿಷಯ ಹೇಳಿದರೆ "ಅಂದರೆ ಒಂದು ಬಿಟ್ಟು ಇನ್ನೊಂದು ಹಿಡಿದಿದ್ದಾನೆ" ಎಂದು ಜನ ತೀರ್ಪು ಕೊಡುತ್ತಾರೆ. ಈ ಇಕ್ಕಟ್ಟಿನಲ್ಲಿ ಹೆಚ್ಚಿನವರು ಮಾತ್ರೆಯನ್ನು ಕಥೆಯಿಂದ ಹೊರಗಿಡುತ್ತಾರೆ. ಹಾಗೆ ಹೊರಗಿಟ್ಟ ಕಥೆಯನ್ನು ಕೇಳಿದ ಇನ್ನೊಬ್ಬ ರೋಗಿ, ಔಷಧಿಯಿಲ್ಲದೆ ಬಿಟ್ಟರೆ ಮಾತ್ರ ನಿಜವಾದ ಚೇತರಿಕೆ ಎಂದು ತಿಳಿದು ತನ್ನ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವ ಅಪಾಯವಿದೆ. ಒಳ್ಳೆಯ ಉದ್ದೇಶದ ಮಾತೊಂದು ಹೀಗೂ ಕೆಡುಕು ಮಾಡಬಲ್ಲದು.

ಆದ್ದರಿಂದ ಕಥೆ ಹೇಳುವವರಿಗೆ ತಮ್ಮ ಔಷಧಿ ಹೇಗೆ ಕೆಲಸ ಮಾಡುತ್ತದೆ ಎಂಬುದು ಸರಳವಾದ ಮಾತಿನಲ್ಲಿ ಗೊತ್ತಿರಬೇಕು, ಗೊತ್ತಿಲ್ಲದಿದ್ದರೆ ವೈದ್ಯರಿಂದ ಕೇಳಿ ತಿಳಿಯಲು ನಾವು ನೆರವಾಗಬೇಕು. ಬುಪ್ರೆನಾರ್ಫಿನ್ ಮೆದುಳಿನಲ್ಲಿ ಹೆರಾಯಿನ್ ಕೂರುವ ಜಾಗದಲ್ಲೇ ಕೂರುತ್ತದೆ, ಆದರೆ ಅದರ ಪರಿಣಾಮ ಭಾಗಶಃ ಮಾತ್ರ. ಒಂದು ಮಟ್ಟದ ಮೇಲೆ ಪ್ರಮಾಣ ಹೆಚ್ಚಿಸಿದರೂ ಪರಿಣಾಮ ಅದಕ್ಕೆ ತಕ್ಕಂತೆ ಏರುವುದಿಲ್ಲ. ಮೈಕೈ ನೋವು, ಬೆವರು, ಭೇದಿ, ನಿದ್ದೆಯಿಲ್ಲದ ರಾತ್ರಿಗಳು ತಗ್ಗುತ್ತವೆ, ಬೇಕೆಂಬ ತುಡಿತ ಹತೋಟಿಗೆ ಬರುತ್ತದೆ, ಮನುಷ್ಯ ಕೆಲಸಕ್ಕೆ ಹೋಗಬಲ್ಲವನಾಗುತ್ತಾನೆ. ಮೆಥಡೋನ್ ಪೂರ್ಣ ಪರಿಣಾಮದ, ನಿಧಾನವಾಗಿ ಕೆಲಸ ಮಾಡುವ ಔಷಧಿ. ನಾಲ್ಟ್ರೆಕ್ಸೋನ್ ಆ ಜಾಗವನ್ನು ಮುಚ್ಚಿಬಿಡುವ ಬೇರೆ ಜಾತಿಯ ಔಷಧಿ. ವಿಶ್ವ ಆರೋಗ್ಯ ಸಂಸ್ಥೆ ಮೆಥಡೋನ್ ಮತ್ತು ಬುಪ್ರೆನಾರ್ಫಿನ್‌ಗಳನ್ನು 2005ರಲ್ಲಿಯೇ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಇಷ್ಟು ತಿಳಿದವರು "ನಾನು ಚಿಕಿತ್ಸೆಯಲ್ಲಿದ್ದೇನೆ, ವೈದ್ಯರು ಹೇಳಿದಂತೆ ದಿನವೂ ಮಾತ್ರೆ ತೆಗೆದುಕೊಳ್ಳುತ್ತೇನೆ, ಅದರಿಂದಲೇ ಇವತ್ತು ನಿಮ್ಮ ಮುಂದೆ ಕುಳಿತಿದ್ದೇನೆ" ಎಂದು ತಲೆ ತಗ್ಗಿಸದೆ ಹೇಳಬಲ್ಲರು. ಈ ಒಂದು ವಾಕ್ಯ ಸರಾಗವಾಗಿ ಬಾಯಿಗೆ ಬರುವವರೆಗೆ ಹೊರಗಿನ ಸಭೆಗೆ ಹೋಗುವುದು ಬೇಡ ಎಂಬುದು ನನ್ನ ಅಭಿಪ್ರಾಯ.

ವ್ಯಸನದಿಂದ ಹೊರಬರುವವರೇ ಸೇರಿ ನಡೆಸುವ ಕೆಲವು ಸ್ವಸಹಾಯ ಗುಂಪುಗಳಲ್ಲಿ ಔಷಧಿಯ ಬಗ್ಗೆ ಬೇರೆಯೇ ಧೋರಣೆ ಇರುತ್ತದೆ. 1953ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾಗಿ ಲೋಕದಾದ್ಯಂತ ಹಬ್ಬಿರುವ ನಾರ್ಕೋಟಿಕ್ಸ್ ಅನಾನಿಮಸ್‌ನಲ್ಲಿ ಇಂಥ ವಿಷಯಗಳನ್ನು ಆಯಾ ಗುಂಪೇ ತೀರ್ಮಾನಿಸುವುದರಿಂದ, ಮಾತ್ರೆಯ ಮೇಲಿರುವವರನ್ನು ಕೆಲವು ಕಡೆ ಪೂರ್ಣ ಮನಸ್ಸಿನಿಂದ ಬರಮಾಡಿಕೊಳ್ಳುತ್ತಾರೆ, ಕೆಲವು ಕಡೆ ಸದ್ಯಕ್ಕೆ ಕೇಳಿಸಿಕೊಳ್ಳಿ ಸಾಕು ಎನ್ನುತ್ತಾರೆ. ಕಳುಹಿಸುವ ಮೊದಲು ಗುಂಪಿನವರೊಡನೆ ಮಾತನಾಡಿ ತಿಳಿದುಕೊಂಡರೆ ಒಂದು ಅವಮಾನ ತಪ್ಪುತ್ತದೆ.

ಮೊದಲ ಕೇಳುಗರು ಮನೆಯವರು

ವೇದಿಕೆಯ ಮಾತು ಬದಿಗಿರಲಿ. ಮೊದಲು ಹೇಳಬೇಕಾದದ್ದು ಒಬ್ಬರಿಗೆ, ಬಹುತೇಕ ಮನೆಯಲ್ಲಿರುವ ಒಬ್ಬರಿಗೆ. ಆ ಒಬ್ಬರು ಯಾರೆಂಬುದನ್ನು ರೋಗಿಯೇ ಆರಿಸಲಿ. ಕೆಲವರಿಗೆ ಅಮ್ಮ, ಕೆಲವರಿಗೆ ಅಕ್ಕ, ಕೆಲವರಿಗೆ ಮಾವ, ಇನ್ನು ಕೆಲವರಿಗೆ ದುಬೈಯಲ್ಲಿರುವ ಅಣ್ಣ ಫೋನಿನಲ್ಲಿ ಸಿಕ್ಕಿದರೆ ಮಾತ್ರ ಬಾಯಿ ಬಿಡಲು ಸಾಧ್ಯ. ಯಾವ ಭಾಷೆಯಲ್ಲಿ ಹೇಳಬೇಕೆಂಬುದೂ ಅವರಿಗೇ ಬಿಟ್ಟದ್ದು. ಉಡುಪಿಯ ಆಸ್ಪತ್ರೆಯಲ್ಲಿ ಸಮಾಲೋಚಕರ ಮುಂದೆ ಅಚ್ಚುಕಟ್ಟಾದ ಕನ್ನಡದಲ್ಲಿ ಉತ್ತರ ಕೊಡುವವರ ಮನಸ್ಸಿನೊಳಗಿನ ಮಾತು ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಇರುತ್ತದೆ, ಮತ್ತು ಅತ್ತು ಹಗುರಾಗುವುದು ಆ ಭಾಷೆಯಲ್ಲಿಯೇ.

ಈ ಮೊದಲ ಮಾತು ದೀರ್ಘವಾದ ತಪ್ಪೊಪ್ಪಿಗೆಯಾಗುವುದು ಬೇಡ. ಅದರಲ್ಲಿ ಬೇಕಾದದ್ದು ದಿನನಿತ್ಯದ ಸಂಗತಿಗಳು: ಈ ಮಾತ್ರೆಯನ್ನು ನುಂಗುವುದಲ್ಲ, ನಾಲಗೆಯ ಅಡಿಯಲ್ಲಿ ಇಟ್ಟು ಕರಗಿಸಬೇಕು, ಅಷ್ಟು ಹೊತ್ತು ನಾನು ಮಾತನಾಡುವುದಿಲ್ಲ, ನನ್ನನ್ನು ಮಾತಿಗೆಳೆಯಬೇಡಿ, ಮಾತ್ರೆ ಮುಗಿಯುವ ಮೊದಲೇ ಆಸ್ಪತ್ರೆಗೆ ಹೋಗಬೇಕು, ನಾನು ಎಬ್ಬಿಸಿದರೂ ಏಳದೆ, ಉಸಿರು ನಿಧಾನವಾಗಿ, ತುಟಿ ನೀಲಿಯಾಗಿ ಬಿದ್ದಿದ್ದರೆ ನಾಚಿಕೆಪಟ್ಟು ಕೋಣೆಯ ಬಾಗಿಲು ಹಾಕಬೇಡಿ, ಕೂಡಲೇ 108ಕ್ಕೆ ಕರೆ ಮಾಡಿ, ಏನು ತೆಗೆದುಕೊಂಡಿರಬಹುದೆಂದು ಆಂಬುಲೆನ್ಸ್‌ನವರಿಗೆ ಮರೆಮಾಚದೆ ಹೇಳಿ, ನಾಲೋಕ್ಸೋನ್ ಎಂಬ ಮದ್ದು ಸಮಯಕ್ಕೆ ಸಿಕ್ಕಿದರೆ ಜೀವ ಉಳಿಯುತ್ತದೆ. ಇಂಥ ವಿವರ ಕೇಳಿದ ಅಮ್ಮನಿಗೆ ಭಯವಾಗುವುದು ನಿಜ. ಆದರೆ ಏನು ಮಾಡಬೇಕೆಂದು ಗೊತ್ತಿರುವ ಭಯ, ಏನೂ ಗೊತ್ತಿಲ್ಲದ ಭಯಕ್ಕಿಂತ ಎಷ್ಟೋ ವಾಸಿ. ಬಿ.ಪಿ. ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಳ್ಳುವ ಅಜ್ಜನನ್ನು ಮನೆಯಲ್ಲಿ ಯಾರೂ ಮಾತ್ರೆಯ ದಾಸ ಎನ್ನುವುದಿಲ್ಲ ಎಂದು ನೆನಪಿಸಿದರೆ ಮನೆಯವರಿಗೆ ವಿಷಯ ಬೇಗ ಹೊಂದಿಕೊಳ್ಳುತ್ತದೆ.

ಮನೆಯವರಿಗೂ ಹೇಳಿಕೊಳ್ಳಲು ಒಂದು ಕಥೆ ಇರುತ್ತದೆ ಎಂಬುದನ್ನು ಮರೆಯಬಾರದು. ಕಳೆದುಹೋದ ಚಿನ್ನ, ತಂಗಿಯ ಮದುವೆಯ ಮಾತುಕತೆ ಮುರಿದುಬಿದ್ದದ್ದು, ಬಾಗಿಲ ಬಳಿ ಕಾದ ರಾತ್ರಿಗಳು. ಅವರಿಗೆ ಪ್ರತ್ಯೇಕವಾಗಿ ಕೂತು ಮಾತನಾಡಲು ಅವಕಾಶ ಕೊಡಿ. ಇಬ್ಬರ ಕಥೆಯನ್ನೂ ಒಂದೇ ಕೂಟದಲ್ಲಿ ಮುಖಾಮುಖಿ ತಂದರೆ ಅದು ವಿಚಾರಣೆಯಾಗಿ ಮುಗಿಯುವುದೇ ಹೆಚ್ಚು.

ಹೊರಗೆ ಹೇಳಲು ಸಮಯ ಬಂದಿದೆಯೇ

ಇದಕ್ಕೆ ಇಷ್ಟು ತಿಂಗಳು ಎಂಬ ಲೆಕ್ಕವಿಲ್ಲ, ಗಮನಿಸಬೇಕಾದ ಗುರುತುಗಳಿವೆ. ಔಷಧಿ ತಪ್ಪದೆ ನಡೆಯುತ್ತಿದೆಯೇ, ನಿದ್ದೆ ಊಟ ಸರಿಯಾಗಿವೆಯೇ, ಗುಂಪಿನೊಳಗೆ ಹಳೆಯ ದಿನಗಳ ಮಾತು ಬಂದ ಮೇಲೆ ಆ ರಾತ್ರಿ ಅವರ ಮನಸ್ಥಿತಿ ಹೇಗಿರುತ್ತದೆ ಎಂದು ನೋಡಬೇಕು. ಹಳೆಯ ಜಾಗ, ಹಳೆಯ ಸ್ನೇಹಿತರು, ಬಳಸುತ್ತಿದ್ದ ಸಾಮಗ್ರಿ ಇವುಗಳ ನೆನಪೇ ತುಡಿತವನ್ನು ಕೆರಳಿಸುವುದರಿಂದ, ಮಾತನಾಡಿದ ಮೇಲೆ ಚಡಪಡಿಸುವವರಿಗೆ ಇನ್ನೂ ಕಾಲ ಬೇಕು. ಚಿಕಿತ್ಸೆಯ ಮೊದಲ ವಾರಗಳ ಉತ್ಸಾಹದಲ್ಲಿ "ಎಲ್ಲರಿಗೂ ಹೇಳುತ್ತೇನೆ" ಎನ್ನುವವರನ್ನು ಪ್ರೀತಿಯಿಂದಲೇ ತಡೆಯಬೇಕಾಗುತ್ತದೆ.

ಏಕೆ ಹೇಳಬೇಕೆನಿಸುತ್ತಿದೆ ಎಂದು ಕೇಳಿ, ಉತ್ತರಕ್ಕೆ ಆತುರಪಡಬೇಡಿ. ಇನ್ನೊಬ್ಬರಿಗೆ ದಾರಿಯಾಗಲಿ ಎಂಬುದು ಒಳ್ಳೆಯ ಕಾರಣ. ಡಾಕ್ಟರರ ಋಣ ತೀರಿಸಬೇಕು, ಕೇಂದ್ರದವರು ಕೇಳಿದರು, ಮಾಡಿದ ತಪ್ಪಿಗೆ ಊರಿನೆದುರು ತಲೆಬಾಗಬೇಕು ಎಂಬ ಉತ್ತರ ಬಂದರೆ ಅಲ್ಲಿಯೇ ನಿಲ್ಲಿಸಬೇಕು. ಮಾತ್ರೆ ಬರೆದುಕೊಡುವ ವೈದ್ಯರೇ "ಬಂದು ಮಾತನಾಡುತ್ತೀರಾ" ಎಂದು ಕೇಳಿದರೆ ರೋಗಿಗೆ ಇಲ್ಲ ಎನ್ನುವುದು ಬಹಳ ಕಷ್ಟ, ಆದ್ದರಿಂದ ಚಿಕಿತ್ಸೆಯ ಮೇಲೆ ಅಧಿಕಾರವಿಲ್ಲದ ಬೇರೊಬ್ಬರು ಕೇಳಲಿ. ನಿರಾಕರಿಸಿದರೆ ಚಿಕಿತ್ಸೆಯಲ್ಲಿ ಏನೂ ವ್ಯತ್ಯಾಸವಾಗದು ಎಂಬುದನ್ನು ಕೇಳುವ ಮೊದಲೇ ಹೇಳಿಬಿಡಲಿ.

ಇನ್ನು ಎಲ್ಲಿ ಹೇಳುವುದು ಎಂಬ ಪ್ರಶ್ನೆ. ಶಾಲಾ ಕಾಲೇಜಿನ ಸಭಾಂಗಣವೇ ಸಹಜವಾದ ಜಾಗವೆಂದು ನಾವು ಭಾವಿಸಿದ್ದೇವೆ. ಆದರೆ ವಿಶ್ವಸಂಸ್ಥೆಯ ಮಾದಕ ವಸ್ತು ಮತ್ತು ಅಪರಾಧ ಕಚೇರಿ ಹೊರತಂದ ತಡೆಗಟ್ಟುವಿಕೆಯ ಅಂತರರಾಷ್ಟ್ರೀಯ ಮಾನದಂಡಗಳು, ಶಾಲೆಗಳಲ್ಲಿ ಹಿಂದೆ ಬಳಸುತ್ತಿದ್ದವರಿಂದ ಅನುಭವ ಹೇಳಿಸುವುದನ್ನು ಪರಿಣಾಮವಿಲ್ಲದ ಅಥವಾ ತಿರುಗುಬಾಣವಾಗಬಲ್ಲ ವಿಧಾನಗಳ ಸಾಲಿನಲ್ಲಿ ಇಟ್ಟಿವೆ. ಹದಿಹರೆಯದವರಿಗೆ ಹೆದರಿಕೆಯ ಭಾಗ ಮರೆತುಹೋಗಿ, ಎಲ್ಲ ಮಾಡಿಯೂ ಪಾರಾಗಿ ಬಂದ ಸಾಹಸದ ಭಾಗ ಮಾತ್ರ ಮನಸ್ಸಿನಲ್ಲಿ ಉಳಿಯಬಹುದು. ಆದ್ದರಿಂದ ಮೊದಲು ಹೇಳಿದ ಆ ಫೋನ್ ಕರೆ ಬಂದಾಗ ಸಂಕೋಚವಿಲ್ಲದೆ ಇಲ್ಲವೆನ್ನಬಹುದು. ಈ ಕಥೆಗೆ ನಿಜವಾಗಿ ಹಸಿದಿರುವ ಕಿವಿಗಳು ಬೇರೆ ಕಡೆ ಇವೆ. ಹೊಸದಾಗಿ ಚಿಕಿತ್ಸೆಗೆ ಬಂದವರು, ಅವರ ತಂದೆತಾಯಂದಿರು, ನರ್ಸಿಂಗ್ ಮತ್ತು ವೈದ್ಯಕೀಯ ವಿದ್ಯಾರ್ಥಿಗಳು, ಔಷಧಿ ಅಂಗಡಿಯವರು, ಠಾಣೆಯ ಸಿಬ್ಬಂದಿ, ಚರ್ಚ್, ಮಸೀದಿ, ಭಜನಾ ಮಂದಿರಗಳ ಹಿರಿಯರು. ರೋಗಿಯನ್ನು ಕೀಳಾಗಿ ಕಾಣುವ ಕೈಗಳಲ್ಲೇ ರೋಗಿಯ ಬದುಕು ಇರುವುದರಿಂದ, ಮಂಗಳೂರಿನ ಯಾವುದೋ ವಾರ್ಡಿನಲ್ಲಿ ಹತ್ತು ನರ್ಸಿಂಗ್ ವಿದ್ಯಾರ್ಥಿಗಳ ಎದುರು ಹೇಳಿದ ಅರ್ಧ ಗಂಟೆಯ ಮಾತು ಐನೂರು ಮಂದಿಯ ಸಭೆಯ ಭಾಷಣಕ್ಕಿಂತ ಹೆಚ್ಚು ಕೆಲಸ ಮಾಡಬಲ್ಲದು.

ಕಥೆಯನ್ನು ಕಟ್ಟುವ ಬಗೆ

ಜೊತೆಗೆ ಕೂತು ಬರೆಯಿಸಿ, ಅಥವಾ ಅವರು ಹೇಳುತ್ತಾ ಹೋಗಲಿ, ನೀವು ಬರೆದುಕೊಳ್ಳಿ. ಮೊದಲ ಬಾರಿ ಬರೆದಾಗ ಬಳಕೆಯ ದಿನಗಳು ಮುಕ್ಕಾಲು ಭಾಗ, ಚಿಕಿತ್ಸೆ ನಾಲ್ಕು ಸಾಲು ಇರುವುದು ಸಾಮಾನ್ಯ. ಅದನ್ನು ತಿರುಗಿಸುವುದು ನಮ್ಮ ಕೆಲಸ. ಯಾವ ವಸ್ತು, ಎಷ್ಟು, ಹೇಗೆ, ಎಲ್ಲಿಂದ ಎಂಬ ನಾಲ್ಕು ಸಂಗತಿಗಳು ಕಥೆಯಲ್ಲಿ ಬೇಡವೇ ಬೇಡ. ಅವು ಕೇಳುಗರಲ್ಲಿ ಯಾರಿಗೋ ತುಡಿತ ಹುಟ್ಟಿಸುತ್ತವೆ, ಯಾರಿಗೋ ಮಾಹಿತಿಯಾಗುತ್ತವೆ, ಹೇಳುವವರನ್ನೂ ಕಾನೂನಿನ ತೊಡಕಿಗೆ ದೂಡಬಹುದು. "ಇಂಥ ಬೀಚಿನ ಹತ್ತಿರ ಇಂಥವನಿಂದ ಕೊಳ್ಳುತ್ತಿದ್ದೆ, ದಿನಕ್ಕೆ ಇಷ್ಟು ಬೇಕಾಗುತ್ತಿತ್ತು" ಎಂಬ ಸಾಲಿನ ಬದಲು "ಬೆಳಿಗ್ಗೆ ಏಳುವಾಗಲೇ ಇವತ್ತಿನ ದುಡ್ಡು ಎಲ್ಲಿಂದ ಎಂಬ ಒಂದೇ ಯೋಚನೆ, ಅಮ್ಮ ಕಾಫಿ ತಂದಿಟ್ಟದ್ದೂ ಕಾಣುತ್ತಿರಲಿಲ್ಲ" ಎಂದು ಹೇಳಿದರೆ ಕಷ್ಟ ಅರ್ಥವಾಗುತ್ತದೆ, ಅಪಾಯ ಉಳಿಯುವುದಿಲ್ಲ.

ಹೆಚ್ಚು ಜಾಗ ಕೊಡಬೇಕಾದದ್ದು ಚಿಕಿತ್ಸೆಯ ಬಾಗಿಲಿಗೆ ಬಂದ ಬಗೆಗೆ ಮತ್ತು ಅಲ್ಲಿಂದ ಮುಂದಿನ ಸಣ್ಣ ಸಣ್ಣ ಸಂಗತಿಗಳಿಗೆ. ಯಾರ ಮಾತಿಗೆ ಓಗೊಟ್ಟು ಬಂದರು, ಮೊದಲ ದಿನ ಯಾವುದಕ್ಕೆ ಹೆದರಿದ್ದರು, ಯಾವ ನರ್ಸ್ ಹೆಸರು ಹಿಡಿದು ಕರೆದರು, ಸಂಬಳ ಕೈಗೆ ಬಂದ ದಿನ ಹೇಗೆ ದಾಟಿಸಿದರು, ಯಕ್ಷಗಾನಕ್ಕೆ ಹೋಗಿ ರಾತ್ರಿಯಿಡೀ ಕೂತು ನೋಡುವ ಮನಸ್ಸು ಯಾವಾಗ ಮರಳಿತು. ನಡುವೆ ಒಮ್ಮೆ ಜಾರಿದ್ದರೆ ಅದನ್ನೂ ಹೇಳಲಿ, ಜಾರಿದ ಮರುದಿನವೇ ಆಸ್ಪತ್ರೆಗೆ ಮರಳಿದ್ದರಿಂದ ಏನು ಉಳಿಯಿತು ಎಂಬುದು ಹೊಸಬರಿಗೆ ಬಹಳ ಬೇಕಾದ ತಿಳಿವಳಿಕೆ. "ಸಂಪೂರ್ಣ ಗುಣವಾದೆ" ಎಂಬ ಘೋಷಣೆಯಿಂದ ಮುಗಿಸುವಂತೆ ಒತ್ತಾಯಿಸಬೇಡಿ. ಆ ಘೋಷಣೆಯ ಭಾರವನ್ನು ಆಮೇಲೆ ಹೊರಬೇಕಾದವರು ಅವರೇ.

ಕಥೆಯಲ್ಲಿ ಬರುವ ಇತರರಿಗೂ ಮಾನವಿದೆ. ಹೆಂಡತಿಯ ಒಪ್ಪಿಗೆಯಿಲ್ಲದೆ ಅವರ ಕಣ್ಣೀರನ್ನು ಸಭೆಗೆ ತರುವಂತಿಲ್ಲ, ಜೊತೆಗೆ ಬಳಸುತ್ತಿದ್ದ ಸ್ನೇಹಿತನ ಊರು, ಕಾಲೇಜು, ಅಡ್ಡಹೆಸರು ಯಾವುದೂ ಬರಬಾರದು. ನಮ್ಮ ಊರುಗಳಲ್ಲಿ "ಕಾಪು ಕಡೆಯ ಹುಡುಗ, ತಂದೆ ಬೋಟಿನ ಕೆಲಸ" ಎಂದರೆ ಸಾಕು, ಮನೆ ಯಾವುದೆಂದು ಕಂಡುಹಿಡಿಯುವವರು ಸಭೆಯಲ್ಲಿ ಒಬ್ಬರಾದರೂ ಇರುತ್ತಾರೆ.

ಹೆಸರು, ಚಿತ್ರ, ಕಾನೂನು

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಒಳಗೊಳ್ಳುತ್ತದೆ. ಅದರ 23ನೇ ಕಲಂ ಗೋಪ್ಯತೆಯ ಹಕ್ಕು ಕೊಡುತ್ತದೆ, 24ನೇ ಕಲಂ ಚಿಕಿತ್ಸೆಯಲ್ಲಿರುವವರ ಭಾವಚಿತ್ರವನ್ನಾಗಲಿ ಮಾಹಿತಿಯನ್ನಾಗಲಿ ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವುದನ್ನು ನಿರ್ಬಂಧಿಸುತ್ತದೆ. ಒಪ್ಪಿಗೆ ಪಡೆಯುವಾಗ ಮಾತನಾಡಲು, ಹೆಸರು ಹೇಳಲು, ಫೋಟೋಗೆ, ಧ್ವನಿಮುದ್ರಣಕ್ಕೆ, ಹಂಚಲು ಎಂದು ಬೇರೆ ಬೇರೆಯಾಗಿ ಬರಹದಲ್ಲಿ ಪಡೆಯಿರಿ, ಯಾವಾಗ ಬೇಕಾದರೂ ಹಿಂಪಡೆಯಬಹುದೆಂದು ಅದರಲ್ಲಿಯೇ ಬರೆಯಿರಿ. ಜೊತೆಗೆ ಒಂದು ಕಹಿ ಸತ್ಯವನ್ನೂ ಹೇಳಿ: ವಾಟ್ಸಾಪ್ ಗುಂಪಿಗೆ ಒಮ್ಮೆ ಹೋದ ವಿಡಿಯೋವನ್ನು ಯಾವ ಕಾಗದವೂ ಹಿಂದಕ್ಕೆ ತರಲಾರದು. ನಾಳೆ ಗಲ್ಫ್‌ನ ಕೆಲಸದ ಸಂದರ್ಶನ, ಮದುವೆಯ ಮಾತುಕತೆ, ಬಾಡಿಗೆ ಮನೆಯ ಹುಡುಕಾಟ ಎಲ್ಲ ಕಡೆ ಅದು ಮುಂಚಿತವಾಗಿ ತಲುಪಿರಬಹುದು. ಮುಖ ತೋರಿಸುವುದೇ ಧೈರ್ಯ ಎಂಬ ಮಾತಿಗೆ ಮರುಳಾಗಬೇಕಿಲ್ಲ. ಹೆಸರಿಲ್ಲದ ಕೈಬರಹದ ಪತ್ರ, ತುಳುವಿನಲ್ಲಿ ಮಾತನಾಡಿದ್ದನ್ನು ಬರೆದುಕೊಂಡು ಬೇರೊಬ್ಬರ ಧ್ವನಿಯಲ್ಲಿ ಓದಿಸಿ ದಾಖಲಿಸುವುದು ಇವೂ ಪೂರ್ಣ ಪ್ರಮಾಣದ ಹಂಚಿಕೆಯೇ.

ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ, ಸರ್ಕಾರ ನಡೆಸುವ ಅಥವಾ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆಯುವ ವ್ಯಸನಿಗೆ ಸೇವನೆಯ ಮತ್ತು ಸಣ್ಣ ಪ್ರಮಾಣದ ಪ್ರಕರಣಗಳಲ್ಲಿ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ, ಚಿಕಿತ್ಸೆ ಪೂರ್ಣಗೊಳಿಸದಿದ್ದರೆ ಆ ರಕ್ಷಣೆಯನ್ನು ಹಿಂಪಡೆಯಲೂಬಹುದು. ಮಾರಾಟ, ಸಾಗಣೆಯಂಥ ಸಂಗತಿಗಳಿಗೆ ಈ ರಕ್ಷಣೆ ಇಲ್ಲ. ಪ್ರಕರಣ ಬಾಕಿಯಿರುವವರು ವಕೀಲರನ್ನೋ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನೋ ವಿಚಾರಿಸದೆ ಸಾರ್ವಜನಿಕವಾಗಿ ಒಂದು ಮಾತೂ ಆಡಬಾರದು.

ಮಾತನಾಡುವ ದಿನ, ಅದರ ಮರುದಿನ

ಆ ದಿನದ ಮಾತ್ರೆ ಎಂದಿನ ಹೊತ್ತಿಗೆ ಆಗಿರಲಿ. ಅವರು ಆರಿಸಿದ ಒಬ್ಬರು ಪಕ್ಕದಲ್ಲಿರಲಿ, ಕಣ್ಸನ್ನೆಯಲ್ಲೇ ಮಾತು ನಿಲ್ಲಿಸಬಹುದಾದ ಒಪ್ಪಂದವಿರಲಿ. ಸಭೆಯ ಪ್ರಶ್ನೆಗಳನ್ನು ಚೀಟಿಯಲ್ಲಿ ಪಡೆದು, ನಿರ್ವಾಹಕರು ಓದಿ ಆರಿಸಿ ಕೇಳಲಿ. "ಎಷ್ಟು ಖರ್ಚು ಮಾಡಿದ್ದೀರಿ", "ಹೆಂಡತಿ ಏಕೆ ಬಿಟ್ಟುಹೋಗಲಿಲ್ಲ" ಎಂಬ ಕುತೂಹಲಗಳು ಅಲ್ಲಿಯೇ ಉಳಿಯಲಿ. ನಿರ್ವಾಹಕರು ಪರಿಚಯ ಮಾಡುವಾಗ ಚಟಗಾರ, ಡ್ರಗ್ ಅಡಿಕ್ಟ್ ಎಂಬ ಮಾತು ಬಳಸದಂತೆ ಮೊದಲೇ ತಿಳಿಸಿ. ಪ್ರಯಾಣದ ಖರ್ಚು, ಕಳೆದುಕೊಂಡ ದಿನದ ಕೂಲಿ ಕೊಡುವುದು ಸಂಘಟಕರ ಕರ್ತವ್ಯ, ಶಾಲು ಹೊದೆಸಿ ಹಣ್ಣಿನ ಬುಟ್ಟಿ ಕೊಟ್ಟು ಕಳುಹಿಸಿದರೆ ಅದು ತೀರುವುದಿಲ್ಲ.

ಚಪ್ಪಾಳೆ ಮುಗಿದ ಮೇಲಿನ ಸಂಜೆ ಬಹಳ ಖಾಲಿಯಾಗಿರುತ್ತದೆ. ಹೇಳಿದ್ದು ಹೆಚ್ಚಾಯಿತೇ, ಯಾರು ಏನೆಂದುಕೊಂಡರೋ ಎಂಬ ಕೊರಗು ಆಗಲೇ ಏಳುವುದು. ಅವರು ಒಂಟಿಯಾಗಿ ಬಸ್ಸು ಹತ್ತುವಂತಾಗಬಾರದು. ರಾತ್ರಿ ಒಮ್ಮೆ, ಮರುದಿನ ಒಮ್ಮೆ, ವಾರದ ನಂತರ ಒಮ್ಮೆ ಫೋನ್ ಮಾಡಿ, ಮಾತಿನ ಗುಣಮಟ್ಟದ ಬಗ್ಗೆ ಅಲ್ಲ, ನಿದ್ದೆಯ ಬಗ್ಗೆ, ತುಡಿತದ ಬಗ್ಗೆ ವಿಚಾರಿಸಿ. ಹೊತ್ತಲ್ಲದ ಹೊತ್ತಿನಲ್ಲಿ ಮಾತನಾಡಲು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416, ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446 ಸಂಖ್ಯೆಗಳನ್ನು ಅವರ ಫೋನಿನಲ್ಲಿ ಮೊದಲೇ ಉಳಿಸಿಕೊಡಿ.

ಕಥೆ ಹೇಳಿದವರು ಆಮೇಲೆ ಮತ್ತೆ ಜಾರಿದರೆ, ನಾಚಿಕೆ ಇಮ್ಮಡಿಯಾಗಿ ಆಸ್ಪತ್ರೆಗೆ ಮುಖ ತೋರಿಸದೆ ಇರುವ ಸಂಭವ ಹೆಚ್ಚು, ಅಪಾಯವೂ ಆಗಲೇ ಹೆಚ್ಚು. ಹಾಗಾದರೆ ಏನು ಮಾಡೋಣ ಎಂಬುದನ್ನು ಮಾತನಾಡಲು ಒಪ್ಪಿಕೊಂಡ ದಿನವೇ ಕೂತು ತೀರ್ಮಾನಿಸಿಡಿ. ಯಾರಿಗೆ ಮೊದಲು ಫೋನ್ ಮಾಡುವುದು, ಅವರು ಏನನ್ನೂ ಪ್ರಶ್ನಿಸದೆ ಅದೇ ದಿನ ಆಸ್ಪತ್ರೆಗೆ ಹೇಗೆ ಕರೆತರುವುದು, ಬರೆದ ಪತ್ರವೋ ಧ್ವನಿಮುದ್ರಣವೋ ಎಲ್ಲಾದರೂ ಬಳಕೆಯಲ್ಲಿದ್ದರೆ ಅದನ್ನು ಇಟ್ಟುಕೊಳ್ಳಬೇಕೇ ತೆಗೆಯಬೇಕೇ ಎಂಬುದು ಆ ಕಾಗದದಲ್ಲಿರಲಿ. ತೆಗೆಯಿರಿ ಎಂದರೆ ಕಾರಣ ಕೇಳದೆ ಅದೇ ದಿನ ತೆಗೆಯಿರಿ. ಮುಂದಿನ ಕಾರ್ಯಕ್ರಮದ ಕರಪತ್ರದಲ್ಲಿ ಅವರ ಹೆಸರು ಅಚ್ಚಾಗಿದ್ದರೂ, ಆ ಕರಪತ್ರವನ್ನು ಹಂಚದೆ ಬಿಟ್ಟು ಹೊಸದನ್ನು ಅಚ್ಚು ಹಾಕಿಸಿ.